ಹಳೆಯ ಬುಲೆಟ್ಟಿನ ಕ್ಲಚ್ಚು: ಮನೆಯಲ್ಲೇ ಬದಲಾಯಿಸುವ ಬಗೆ

ಸಂಜೆಯ ಹೊತ್ತು ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಸ್ವಂತ ಮೋಟಾರ್ ಸೈಕಲ್ಲುಳ್ಳವರು ಹಲವರಿದ್ದಾರೆ. ಅವುಗಳಲ್ಲಿ ಹೊಸ ಗಾಡಿಗಳು ಕಡಿಮೆ. ಅಣ್ಣನೋ ಮಾವನೋ ಬಿಟ್ಟುಹೋದದ್ದು, ಇಲ್ಲವೆ ಕುರ್ಲಾದ ಕಡೆ ಎರಡನೆಯ ಕೈಯಿಂದ ಮೂರನೆಯ ಕೈಗೆ ಬಂದದ್ದು, ಬಹುಮಟ್ಟಿಗೆ ಹೀಗೆಯೇ. ಅವುಗಳ ಪೈಕಿ ಹಳೆಯ ಬುಲೆಟ್ಟುಗಳೇ ಹೆಚ್ಚು. ಆದುದರಿಂದ ಈ ಸಲ ಬುಲೆಟ್ಟಿನ ಕ್ಲಚ್ಚಿನ ವಿಷಯವಾಗಿ ನಾಲ್ಕು ಮಾತು ಬರೆಯುತ್ತಿದ್ದೇವೆ. ಬರೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಮೊದಲೇ ಹೇಳಿಬಿಡುವುದು ಲೇಸು.

ನಮ್ಮ ಬಳಗದ ಮಿತ್ರರೊಬ್ಬರು ಕ್ಯಾಂಟೀನೊಂದರಲ್ಲಿ ಲೆಕ್ಕ ಬರೆಯುವವರು. ತಂದೆಯವರು ಕೊಂಡಿದ್ದ ಬುಲೆಟ್ಟಿನಲ್ಲಿ ವರ್ಷಕ್ಕೊಮ್ಮೆ ಕಾರ್ಕಳದ ಕಡೆಯ ತಮ್ಮ ಊರಿಗೆ ಹೋಗಿಬರುವ ರೂಢಿ ಅವರದು. ಒಂದು ಮಳೆಗಾಲದ ಕೊನೆಗೆ, ತಂದೆಗೆ ತೀರ ಜಡ್ಡಾಗಿದೆಯೆಂದು ಫೋನು ಬಂದಿತು. ರೈಲಿಗೆ ಟಿಕೇಟಿಲ್ಲ, ಬಸ್ಸು ಮರುದಿನ. ರಾತ್ರಿಯೇ ಗಾಡಿ ಹತ್ತಿ ಹೊರಟರು. ಪನವೇಲ್, ಮಾಣಗಾಂವ್, ಮಹಾಡ್ ದಾಟುವವರೆಗೆ ಏನೂ ತೊಂದರೆಯಾಗಲಿಲ್ಲ. ಪೋಲಾದಪುರದ ಮುಂದೆ ಕಶೇಡಿ ಘಾಟಿನ ಏರಿನಲ್ಲಿ ಇಂಜಿನು ಅರಚತೊಡಗಿತು. ಗಾಡಿ ಮಾತ್ರ ಮುಂದೆ ಹೋಗದು. ಹೇಗೋ ತಳ್ಳಿ ಇಳಿಜಾರಿಗೆ ತಂದು, ಬೆಳಗಿನವರೆಗೆ ರಸ್ತೆಯ ಬದಿಯಲ್ಲಿ ಕುಳಿತು, ಬೇರೆ ಬೇರೆ ವಾಹನ ಹಿಡಿದು ಅವರು ಮನೆ ಮುಟ್ಟುವಾಗ ಕಾರ್ಯವೆಲ್ಲ ಮುಗಿದಿತ್ತು.

ಕ್ಲಚ್ಚಿನ ತಟ್ಟೆಗಳು ಮೊದಲೇ ಸವೆದಿದ್ದವು, ನಿಜ. ಆದರೆ ಹೊರಡುವ ವಾರದ ಹಿಂದೆ ಆ ಕ್ಲಚ್ಚಿನ ಡಬ್ಬಿಗೆ ಕಾರಿನ ಎಣ್ಣೆ ಹಾಕಿಕೊಟ್ಟವರು ನಾವು. ಯಾರದೋ ಕಾರಿಗೆ ತಂದು ಮಿಕ್ಕ ಒಳ್ಳೆಯ ಬೆಲೆಯ ಎಣ್ಣೆ, ಹಾಳಾಗಬಾರದೆಂದು ಸುರಿದೆವು. ಅದು ತಪ್ಪೆಂದು ನಮಗೆ ಆಗ ತಿಳಿದಿರಲಿಲ್ಲ. ಮಿತ್ರರು ಈವರೆಗೆ ಆ ಮಾತನ್ನು ಎತ್ತಿಲ್ಲ. ಅವರು ಎತ್ತದಿದ್ದರೂ ನಾವು ಇಲ್ಲಿ ಬರೆದಿಡಬೇಕಾದದ್ದು ನ್ಯಾಯ.

ಕ್ಲಚ್ಚೆಂದರೇನು? ಇಂಜಿನು ತಿರುಗುತ್ತಲೇ ಇರುತ್ತದೆ, ಚಕ್ರ ನಿಲ್ಲಬೇಕಾಗುತ್ತದೆ. ಇವೆರಡರ ನಡುವೆ ಕೈಕೊಟ್ಟು ಕೈಬಿಡಿಸುವ ಮಧ್ಯಸ್ಥನೇ ಕ್ಲಚ್ಚು. ಒಂದು ಡಬ್ಬಿಯಲ್ಲಿ ದೋಸೆಗಳ ಹಾಗೆ ಒಂದರ ಮೇಲೊಂದು ತಟ್ಟೆಗಳು. ಒಂದು ಬಗೆಯವು ಬರಿಯ ಉಕ್ಕಿನವು, ಇನ್ನೊಂದು ಬಗೆಯವಕ್ಕೆ ಹಿಡಿತದ ಲೇಪವುಂಟು. ಒಂದು ಬಗೆ ಹೊರಗಿನ ಡಬ್ಬಿಯೊಡನೆ, ಅಂದರೆ ಇಂಜಿನಿನೊಡನೆ ತಿರುಗುತ್ತದೆ. ಮತ್ತೊಂದು ಬಗೆ ನಡುವಿನ ಗುಂಬದೊಡನೆ, ಅಂದರೆ ಗೇರ್ ಬಾಕ್ಸಿನೊಡನೆ. ಸ್ಪ್ರಿಂಗುಗಳು ಇವನ್ನೆಲ್ಲ ಅದುಮಿ ಹಿಡಿದಿರುವಾಗ ಎಲ್ಲವೂ ಒಂದಾಗಿ ತಿರುಗುತ್ತವೆ. ನಾವು ಎಡಗೈಯ ಲಿವರನ್ನು ಎಳೆದಾಗ, ಗೇರಿನ ದಂಡದ ಒಳಗೆ ಹಾಯುವ ಒಂದು ಉದ್ದನೆಯ ಕಡ್ಡಿ ಒತ್ತು ತಟ್ಟೆಯನ್ನು ಹೊರಕ್ಕೆ ನೂಕುತ್ತದೆ. ತಟ್ಟೆಗಳು ಸಡಿಲವಾಗಿ, ಇಂಜಿನಿನ ಸಂಬಂಧ ತಪ್ಪುತ್ತದೆ. ಇಷ್ಟೇ ಇದರ ರಹಸ್ಯ.

ಇಲ್ಲಿ ಮೈಸೂರಿನ ನೆನಪಾಗುತ್ತದೆ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯಲ್ಲಿ ತಯಾರಾದ ಜಾವಾ, 1973ರ ನಂತರ ಯೆಜ್ಡಿ ಎಂಬ ಹೆಸರಿನ ಗಾಡಿಗಳಲ್ಲಿ ಒಂದು ಚಮತ್ಕಾರವಿತ್ತು. ಕಿಕ್ ಹೊಡೆಯುವ ಕಾಲೇ ಗೇರ್ ಬದಲಿಸುವ ಕಾಲೂ ಆಗಿತ್ತು. ಅಲ್ಲದೆ ಆ ಕಾಲನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುತ್ತಿತ್ತು, ಕೈಯಿಂದ ಎಳೆಯಬೇಕೆಂದಿರಲಿಲ್ಲ. ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ತಯಾರಾದ ಬುಲೆಟ್ಟಿಗೆ ಆ ಭಾಗ್ಯವಿಲ್ಲ. ಯೆಜ್ಡಿಯುಳ್ಳ ಮಿತ್ರರು ಕೆಳಗಿನ ಕ್ರಮವನ್ನು ತಮ್ಮ ಗಾಡಿಗೆ ಹಾಗೆಯೇ ಹಚ್ಚಬಾರದು. 2010ರ ಸುಮಾರಿಗೆ ಬಂದ, ಇಂಜಿನೂ ಗೇರ್ ಬಾಕ್ಸೂ ಒಂದೇ ಎರಕದಲ್ಲಿರುವ ಹೊಸ ಬುಲೆಟ್ಟಿಗೂ ಇದು ಸಲ್ಲದು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುವ ಹಳೆಯ ಎರಕದ ಕಬ್ಬಿಣದ ಇಂಜಿನಿನ ಬುಲೆಟ್ಟೇ ನಮ್ಮ ವಿಷಯ.

ಕ್ಲಚ್ಚು ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಒಂದು ಮಾತು. ನಮ್ಮಲ್ಲೊಬ್ಬರಿಗೆ ಒಂದು ಗ್ಯಾರೇಜಿನವರು ಪೂರಾ ಕ್ಲಚ್ ಸೆಟ್ಟನ್ನೇ ಹಾಕಿಸಬೇಕೆಂದು ಹೇಳಿ ಅರ್ಧ ತಿಂಗಳ ಸಂಬಳದಷ್ಟು ಲೆಕ್ಕ ಬರೆದುಕೊಟ್ಟಿದ್ದರು. ಕೊನೆಗೆ ನೋಡಿದರೆ ಕೇಬಲ್ಲು ಬಿಗಿಯಾಗಿತ್ತು, ಅಷ್ಟೇ! ಲಿವರಿನ ಬುಡದಲ್ಲಿ ಎರಡು ಮೂರು ಮಿಲಿಮೀಟರಿನಷ್ಟು ಸಡಿಲು ಇರಲೇಬೇಕು. ಅದಿಲ್ಲದಿದ್ದರೆ ನೀವು ಎಳೆಯದಿದ್ದರೂ ಕ್ಲಚ್ಚು ಅರೆ ಎಳೆದ ಹಾಗೆಯೇ ಇದ್ದು, ಜಾರಿ, ತಟ್ಟೆಗಳನ್ನು ಸುಡುತ್ತದೆ. ಆದುದರಿಂದ ಮೊದಲು ಕೇಬಲ್ಲು, ಆಮೇಲೆ ಎಣ್ಣೆ, ಕೊನೆಗೆ ತಟ್ಟೆ.

ಜಾರುವ ಕ್ಲಚ್ಚಿನ ಗುರುತು ಸುಲಭ: ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಎಕ್ಸಲೇಟರ್ ತಿರುವಿದರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಇದಕ್ಕೆ ವಿರುದ್ಧವಾದ ರೋಗವೂ ಉಂಟು. ಲಿವರನ್ನು ಪೂರ್ತಿ ಎಳೆದರೂ ತಟ್ಟೆಗಳು ಬಿಡದೆ, ಸಿಗ್ನಲಿನಲ್ಲಿ ನ್ಯೂಟ್ರಲ್ ಸಿಗದೆ, ಗೇರು ಕಟಕಟನೆ ಹಲ್ಲು ಕಡಿಯುತ್ತದೆ. ಬೆಳಿಗ್ಗೆ ಮೊದಲ ಸಲ ಮಾತ್ರ ಹೀಗಾಗುವುದಾದರೆ ಭಯಬೇಡ. ಎಣ್ಣೆಯಿಂದ ತಟ್ಟೆಗಳು ಅಂಟಿಕೊಂಡಿರುತ್ತವೆ. ಇಂಜಿನು ಚಾಲೂ ಮಾಡುವ ಮುಂಚೆ ಲಿವರನ್ನು ಎಳೆದು ಹಿಡಿದು ಎರಡು ಮೂರು ಸಲ ಕಿಕ್ ಒತ್ತಿದರೆ ಬಿಡಿಸಿಕೊಳ್ಳುತ್ತವೆ. ಇದು ಬುಲೆಟ್ಟಿನವರ ನಿತ್ಯವಿಧಿಯಾಗಬೇಕು.

ನಮ್ಮ ಉಪನಗರದ ಓಡಾಟವೂ ಕ್ಲಚ್ಚಿಗೆ ಹಿತವಲ್ಲ. ವಾಕೋಲಾದ ಸೇತುವೆಯಿಂದ ಹೆದ್ದಾರಿಗೆ ಸೇರುವಷ್ಟರಲ್ಲಿ ಎಷ್ಟು ಸಲ ಅರ್ಧ ಕ್ಲಚ್ಚು ಹಿಡಿಯುತ್ತೇವೆಂದು ಒಮ್ಮೆ ಎಣಿಸಿ ನೋಡಿರಿ. ಮಿಲನ್ ಸಬ್‌ವೇ ಮಳೆಗಾಲದಲ್ಲಿ ತುಂಬುವುದು ಎಲ್ಲರಿಗೂ ಗೊತ್ತಿದ್ದದ್ದೇ. 2005ರ ಜುಲೈ 26ರಂದು ಸುರಿದ ಮಳೆಯಲ್ಲಿ ನಮ್ಮ ಸಾಂತಾಕ್ರೂಜ್ ವೇಧಶಾಲೆ 24 ಗಂಟೆಗಳಲ್ಲಿ 944 ಮಿಲಿಮೀಟರ್ ದಾಖಲಿಸಿತು. ಆ ದಿನ ಮುಳುಗಿದ ಗಾಡಿಗಳನ್ನು ತಿಂಗಳುಗಟ್ಟಲೆ ಬಿಚ್ಚಿದವರಿದ್ದಾರೆ. ನೀರಿನಲ್ಲಿ ನಿಂತ ಗಾಡಿಯ ಕ್ಲಚ್ ಡಬ್ಬಿಯ ಎಣ್ಣೆ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆಯೆಂದೇ ತಿಳಿಯಬೇಕು. ಅದನ್ನು ಅಂದೇ ಬದಲಿಸಬೇಕು.

ಇನ್ನು ಕೆಲಸ. ರವಿವಾರವೇ ಇದಕ್ಕೆ ತಕ್ಕ ದಿನ. ಜಂಬೋ ಬ್ಲಾಕಿನ ದೆಸೆಯಿಂದ ಹೇಗೂ ಎಲ್ಲಿಗೂ ಹೋಗಲಾಗುವುದಿಲ್ಲ. ಹಿಂದಿನ ರಾತ್ರಿಯೇ ಹೊಸ ಲೇಪದ ತಟ್ಟೆಗಳನ್ನು ಶುದ್ಧ ಎಣ್ಣೆಯಲ್ಲಿ ಮುಳುಗಿಸಿಡಿ. ಒಣ ತಟ್ಟೆಗಳನ್ನು ಹಾಗೆಯೇ ಹಾಕಿದರೆ ಮೊದಲ ಮೈಲಿಯಲ್ಲೇ ಕಾದುಬಿಡುತ್ತವೆ. ಹೊಸ ಸ್ಪ್ರಿಂಗುಗಳನ್ನೂ ಹೊರಮುಚ್ಚಳದ ರಬ್ಬರು ಉಂಗುರವನ್ನೂ ಕೂಡ ತಂದಿಟ್ಟುಕೊಳ್ಳಬೇಕು. ಹಳೆಯ ಉಂಗುರವೇ ನಡೆದೀತೆಂದು ಉಳಿತಾಯ ಮಾಡಿದವರು ಮುಂದಿನ ರವಿವಾರವೂ ಅದೇ ಕೆಲಸಕ್ಕೆ ಕೂತದ್ದನ್ನು ನಾವು ಬಲ್ಲೆವು.

ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ಸಮನೆಲದಲ್ಲಿ ನಿಲ್ಲಿಸಿ, ಬ್ಯಾಟರಿಯ ಒಂದು ತಂತಿ ಬಿಚ್ಚಿರಿ. ಎಡಗಡೆಯ ಕಾಲೂರುವ ಕಡ್ಡಿ ತೆಗೆಯಬೇಕು. ಬ್ರೇಕಿನ ಕಾಲು ಅಡ್ಡ ಬರುವುದರಿಂದ ಅದನ್ನೂ ಸಡಿಲಿಸಬೇಕು. ಕೆಳಗೆ ಅಗಲವಾದ ತಟ್ಟೆ ಇಡಿ. ದೊಡ್ಡ ಹೊರಮುಚ್ಚಳವನ್ನು ಹಿಡಿದಿರುವುದು ನಟ್ಟನಡುವಿನ ಒಂದೇ ನಟ್ಟು. ಅದನ್ನು ತೆಗೆದು ಮುಚ್ಚಳವನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದರೆ ಎಣ್ಣೆ ಸುರಿಯುತ್ತ ಬಿಟ್ಟುಕೊಳ್ಳುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಮೀಟಿದ ಗುರುತೇ ಮುಂದೆ ಎಣ್ಣೆ ಸೋರುವ ದಾರಿ.

ಒಳಗೆ ಮುಂದುಗಡೆ ವಿದ್ಯುತ್ತಿನ ಸುರುಳಿ, ನಡುವೆ ಸರಪಳಿ, ಹಿಂದುಗಡೆ ಕ್ಲಚ್ಚು ಕಾಣುತ್ತವೆ. ಬರಿಯ ತಟ್ಟೆಗಳನ್ನು ಬದಲಿಸುವುದಕ್ಕೆ ಸುರುಳಿಯನ್ನಾಗಲಿ ಸರಪಳಿಯನ್ನಾಗಲಿ ಮುಟ್ಟಬೇಕಾದುದಿಲ್ಲ. ಇದನ್ನು ತಿಳಿಯದೆ ಎಲ್ಲವನ್ನೂ ಬಿಚ್ಚಿ, ಜೋಡಿಸಲಾಗದೆ, ಗೋಣಿಚೀಲದಲ್ಲಿ ತುಂಬಿಕೊಂಡು ಗ್ಯಾರೇಜಿಗೆ ಹೋದವರುಂಟು. ಒತ್ತು ತಟ್ಟೆಯ ಸ್ಪ್ರಿಂಗಿನ ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ತೆಗೆಯದೆ, ಎಲ್ಲವನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಒತ್ತು ತಟ್ಟೆ ಬಂದೊಡನೆ ಅದರ ಹಿಂದಿನ, ಕಡ್ಡಿಯ ತುದಿಯಲ್ಲಿರುವ ಗುಂಡಿಯಂಥ ಸಣ್ಣ ತುಂಡು ಕೆಳಕ್ಕೆ ಬೀಳಬಹುದು, ಎಚ್ಚರ! ನಮ್ಮ ಕಟ್ಟಡದ ಮೋರಿಯಲ್ಲಿ ಅಂಥದೊಂದು ಈಗಲೂ ಇದೆ.

ಆಮೇಲೆ ತಟ್ಟೆಗಳನ್ನು ಒಂದೊಂದಾಗಿ ತೆಗೆದು, ತೆಗೆದ ಕ್ರಮದಲ್ಲಿಯೇ ಹಳೆಯ ಪತ್ರಿಕೆಯ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡಿ. ಯಾವ ಮುಖ ಹೊರಗಿತ್ತೆಂಬುದನ್ನೂ ಗುರುತಿಸಿರಿ. ಕೆಲವು ಗಾಡಿಗಳಲ್ಲಿ ಉಕ್ಕಿನ ತಟ್ಟೆ ನೇರವಾಗಿರದೆ ಬಟ್ಟಲಿನಂತೆ ತುಸು ಬಾಗಿರುತ್ತದೆ, ಅದು ದೋಷವಲ್ಲ. ಬಾಗಿಲ್ಲದ ತಟ್ಟೆಗಳನ್ನು ಗಾಜಿನ ಮೇಲೆ ಇಟ್ಟು ನೋಡಬೇಕು. ಅಲ್ಲಾಡಿದರೆ ಕಾವಿಗೆ ಸೊಟ್ಟಗಾಗಿದೆಯೆಂದು ಅರ್ಥ. ನೀಲಿ ಬಣ್ಣಕ್ಕೆ ತಿರುಗಿದ್ದರೂ ಅದನ್ನು ನಂಬಬೇಡಿ. ಹಳೆಯ ಲೇಪವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಮತ್ತೆ ಬಳಸುವ ಪದ್ಧತಿ ನಮ್ಮಲ್ಲಿದೆ, ಅದು ಬೇಡ. ಹಳೆಯ ಕಾಲದ ಲೇಪಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹಿಂದಿರುಗಿ ಬರುವುದಿಲ್ಲ.

ಹೊರಗಿನ ಡಬ್ಬಿಯ ಗಾಡಿಗಳನ್ನು, ಅಂದರೆ ತಟ್ಟೆಯ ಕಿವಿಗಳು ಕೂರುವ ಸೀಳುಗಳನ್ನು, ಬೆರಳಿನಿಂದ ಸವರಿ ನೋಡಿರಿ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸವೆದಿದ್ದರೆ ತಟ್ಟೆಗಳು ಅಲ್ಲಿಯೇ ಸಿಕ್ಕಿಕೊಂಡು ಬಿಡಲಾರವು. ಸಣ್ಣ ಗೆರೆಗಳನ್ನು ನಯವಾದ ಅರದಿಂದ ತಿದ್ದಬಹುದು. ಆಳವಾಗಿದ್ದರೆ ಡಬ್ಬಿಯನ್ನೇ ಬದಲಿಸಬೇಕಾಗುತ್ತದೆ, ಅದು ಮನೆಯ ಕೆಲಸವಲ್ಲ. ಬಿಚ್ಚಿದ ಹೊತ್ತಿನಲ್ಲೇ ಸರಪಳಿಯ ಬಿಗುವನ್ನೂ ನೋಡಿಬಿಡಿ. ಗಾಡಿಯನ್ನು ತಿರುಗಿಸುತ್ತ ಅತಿ ಬಿಗಿಯಾದ ಜಾಗದಲ್ಲಿ ಕಾಲು ಅಂಗುಲದಷ್ಟು ಮೇಲೆ ಕೆಳಗೆ ಆಡಬೇಕು.

ಜೋಡಿಸುವುದು ಬಿಚ್ಚಿದ್ದರ ಹಿಮ್ಮೊಗ. ಕಡ್ಡಿಯ ತುದಿಯ ಆ ಸಣ್ಣ ತುಂಡಿಗೆ ಸ್ವಲ್ಪ ಗ್ರೀಸು ಹಚ್ಚಿ ಕೂರಿಸಿ, ತಟ್ಟೆಗಳನ್ನು ಕ್ರಮವಾಗಿ ಹಾಕಿ, ಸ್ಪ್ರಿಂಗಿನ ಸ್ಕ್ರೂಗಳನ್ನು ಮತ್ತೆ ಸರದಿಯಂತೆಯೇ ಬಿಗಿಯಬೇಕು. ಮುಚ್ಚಳ ಹಾಕುವ ಮುಂಚೆ ಒಬ್ಬರು ಲಿವರನ್ನು ಎಳೆಯಲಿ, ಇನ್ನೊಬ್ಬರು ಒತ್ತು ತಟ್ಟೆಯನ್ನು ನೋಡಲಿ. ಅದು ಎಲ್ಲ ಕಡೆಗೂ ಒಂದೇ ಸಮನಾಗಿ ಏಳಬೇಕು. ಒಂದು ಮಗ್ಗುಲಿಗೆ ಓರೆಯಾಗಿ ಎದ್ದರೆ ಸ್ಕ್ರೂಗಳನ್ನು ತಿದ್ದಬೇಕು. ಈ ಐದು ನಿಮಿಷದ ಪರೀಕ್ಷೆಯನ್ನು ಮಾಡದೆ ಮುಚ್ಚುವವರೇ ಹೆಚ್ಚು. ಕೊನೆಗೆ ಗೇರ್ ಬಾಕ್ಸಿನ ಬಲಗಡೆಯ ಸಣ್ಣ ಮುಚ್ಚಳದ ಒಳಗಿರುವ ಸ್ಕ್ರೂವನ್ನೂ ಅದರ ಲಾಕ್ ನಟ್ಟನ್ನೂ ಹೊಂದಿಸಿ, ಆಮೇಲೆ ಕೇಬಲ್ಲಿನಿಂದ ಲಿವರಿನ ಸಡಿಲನ್ನು ಸರಿಮಾಡಬೇಕು. ಹೊಸ ತಟ್ಟೆಗಳು ಕೂತುಕೊಂಡ ಮೇಲೆ ಈ ಸಡಿಲು ಕಡಿಮೆಯಾಗುತ್ತದೆ. ಒಂದು ವಾರದಲ್ಲಿ ಇನ್ನೊಮ್ಮೆ ನೋಡಿರಿ.

ಮುಚ್ಚಳದ ರಬ್ಬರು ಉಂಗುರ ತನ್ನ ಕಾಲುವೆಯಲ್ಲಿ ಸುತ್ತಲೂ ಕೂತಿದೆಯೇ ಎಂದು ನೋಡಿ ನಡುವಿನ ನಟ್ಟನ್ನು ಬಿಗಿಯಿರಿ. ಸೋರುತ್ತದೆಂದು ಬಲ ಹಾಕಿ ಬಿಗಿದಷ್ಟೂ ಮುಚ್ಚಳ ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ. ಇದು ಬುಲೆಟ್ಟಿನ ಹಳೆಯ ತಮಾಷೆ.

ಇನ್ನು ಎಣ್ಣೆ. ಈ ಹಳೆಯ ಗಾಡಿಯಲ್ಲಿ ಕ್ಲಚ್ ಡಬ್ಬಿಯ ಎಣ್ಣೆ ಬೇರೆ, ಇಂಜಿನಿನದು ಬೇರೆ, ಗೇರ್ ಬಾಕ್ಸಿನದು ಬೇರೆ. ಇಂದಿನ ಕಾರುಗಳ ಹಲವು ಎಣ್ಣೆಗಳಲ್ಲಿ ಇಂಧನ ಉಳಿಯಲೆಂದು ಉಜ್ಜುವಿಕೆಯನ್ನು ತಗ್ಗಿಸುವ ಮದ್ದು ಬೆರೆಸಿರುತ್ತಾರೆ. ಕಾರಿನ ಕ್ಲಚ್ಚು ಎಣ್ಣೆಯ ಹೊರಗಿರುವುದರಿಂದ ಅದಕ್ಕೆ ಬಾಧಕವಿಲ್ಲ. ನಮ್ಮದು ಎಣ್ಣೆಯಲ್ಲೇ ಮುಳುಗಿ, ಉಜ್ಜುವಿಕೆಯನ್ನೇ ನಂಬಿ ಕೆಲಸ ಮಾಡುವ ಕ್ಲಚ್ಚು. ಅದಕ್ಕೆ ಜಾರುವ ಮದ್ದು ಕುಡಿಸಿದರೆ ಸವೆದ ತಟ್ಟೆಗಳು ಏರಿನಲ್ಲಿ ಹಿಡಿಯುವುದಾದರೂ ಹೇಗೆ? ಡಬ್ಬದ ಮೇಲೆ ಜಾಸೋ ಎಂ.ಎ. ಎಂಬ ಗುರುತಿರುವ ಮೋಟಾರ್ ಸೈಕಲ್ಲಿನ ಎಣ್ಣೆಯನ್ನೇ ಕೊಳ್ಳಬೇಕು. ಮುಚ್ಚಳದಲ್ಲಿರುವ ಮಟ್ಟದ ಸ್ಕ್ರೂವನ್ನು ತೆಗೆದು, ಆ ತೂತಿನಿಂದ ಎಣ್ಣೆ ಜಿನುಗುವವರೆಗೆ ಹಾಕಿದರೆ ಸಾಕು. ಹೆಚ್ಚು ತುಂಬಿದರೂ ಕ್ಲಚ್ಚು ಎಳೆಯುತ್ತದೆ, ಸೋರಲು ದಾರಿಯನ್ನೂ ಹುಡುಕುತ್ತದೆ.

ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯಬಾರದು. ಇಲ್ಲಿಯ ಮೋರಿ ವಾಕೋಲಾ ನಾಲೆಗೆ, ನಾಲೆ ಮೀಠಿ ನದಿಗೆ. ಬಾಟಲಿಯಲ್ಲಿ ತುಂಬಿ ಗ್ಯಾರೇಜಿನವರಿಗೆ ಕೊಟ್ಟರೆ ಅವರು ಅದನ್ನು ಒಯ್ಯುವವರಿಗೆ ಸೇರಿಸುತ್ತಾರೆ. ಸೊಸಾಯಿಟಿಯ ಕಾರ್ಯದರ್ಶಿಗಳ ಮುಖ ಕೆಡದಂತೆ ನೆಲಕ್ಕೆ ಮೊದಲೇ ಮರದ ಹೊಟ್ಟು ಹರವುವುದೂ ಒಳ್ಳೆಯದು.

ಕಶೇಡಿಯಲ್ಲಿ ನಿಂತ ಆ ಗಾಡಿಯನ್ನು ಟೆಂಪೋದಲ್ಲಿ ತರಿಸಿ, ನಾವು ಮೂವರು ಒಂದು ರವಿವಾರ ಕೂತು ಮೇಲಿನ ಕ್ರಮದಲ್ಲೇ ಕ್ಲಚ್ಚು ಹಾಕಿದೆವು. ತಂದೆಯವರ ವರ್ಷಾಂತಿಕಕ್ಕೆ ಮಿತ್ರರು ಅದರಲ್ಲೇ ಊರಿಗೆ ಹೊರಟರು. ಮರುದಿನ ಬೆಳಿಗ್ಗೆ ಚಿಪಳೂಣಿನಿಂದ ಫೋನು ಬಂದಿತು: ಘಾಟು ದಾಟಿತು, ಚಹ ಕುಡಿಯುತ್ತಿದ್ದೇನೆ ಎಂದು.

ಆ ಕೆಲಸಕ್ಕೆ ಕೊಂಡ ಪಾನಾಗಳು, ಎಣ್ಣೆಯ ತಟ್ಟೆ ಮತ್ತು ಆಲಿಕೆ ವಾಚನಾಲಯದ ಕಪಾಟಿನ ಕೆಳಗಿನ ಅರೆಯಲ್ಲಿವೆ. ಬೇಕಾದವರು ಪುಸ್ತಕ ಒಯ್ಯುವ ಹಾಗೆಯೇ ರಿಜಿಸ್ಟರಿನಲ್ಲಿ ಹೆಸರು ಬರೆದು ಒಯ್ಯಬಹುದು. ಒರೆಸಿ ತಂದಿಟ್ಟರೆ ಉಪಕಾರ.