ಬ್ಯಾಟರಿ ಕೊಳ್ಳೋ ಮೊದಲು ಫ್ಯಾನ್ ನೋಡ್ರಿ!

ವೀಕ್ಷಕರೇ, ಕರ್ನಾಟಕಕ್ಕೆ ಕರೆಂಟ್ ಕೊಡೋ ಜಿಲ್ಲೆ ಯಾವುದು ಅಂತ ಶಾಲೆ ಮಕ್ಕಳನ್ನ ಕೇಳಿದ್ರೂ ರಾಯಚೂರು ಅಂತಾರೆ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1985ರಿಂದ ಆರ್‌ಟಿಪಿಎಸ್ ನಡೀತಾ ಇದೆ. ಎಂಟು ಘಟಕ, 1,720 ಮೆಗಾವಾಟ್ ಸಾಮರ್ಥ್ಯ. ಅದು ಸಾಲದು ಅಂತ ಯರಮರಸ್‌ನಲ್ಲಿ ತಲಾ 800 ಮೆಗಾವಾಟ್‌ನ ಇನ್ನೆರಡು ಘಟಕ. ಇಷ್ಟೆಲ್ಲಾ ಇದ್ದರೂ ಮೇ ತಿಂಗಳ ರಾತ್ರಿ ಓಣಿಯ ಟಿಸಿ ಸುಟ್ಟರೆ, ಗಾಳಿಮಳೆಗೆ ಕಂಬ ಉರುಳಿದರೆ, ದೇವದುರ್ಗದವರಿಗೂ ಮಾನ್ವಿಯವರಿಗೂ ಬೀಸಣಿಕೆಯೇ ಗತಿ. ದೀಪದ ಬುಡದಲ್ಲೇ ಕತ್ತಲೆ!

ಕಾರಣ ಸರಳ. ಶಕ್ತಿನಗರದ ಕರೆಂಟ್ ದೊಡ್ಡ ಲೈನ್ ಹತ್ತಿ ಇಡೀ ರಾಜ್ಯದ ಗ್ರಿಡ್‌ಗೆ ಹೋಗುತ್ತದೆ. ನಿಮ್ಮ ಮನೆಗೆ ಬರೋದು ಜೆಸ್ಕಾಂನ 11 ಕೆವಿ ಲೈನ್ ಮತ್ತು ಓಣಿಯ ಟಿಸಿ ಮೂಲಕ. ಆ ಕೊನೆಯ ಕೊಂಡಿ ಕಳಚಿದರೆ ಪಕ್ಕದಲ್ಲೇ ಸ್ಥಾವರ ಇದ್ದು ಏನು ಪ್ರಯೋಜನ? ಹಗಲು 40 ಡಿಗ್ರಿ ದಾಟೋ ಊರಲ್ಲಿ ರಾತ್ರಿ ಫ್ಯಾನ್ ನಿಲ್ಲೋದು ಬರೀ ಕಿರಿಕಿರಿ ಅಲ್ಲ. ಮನೆಯಲ್ಲಿ ಬಾಣಂತಿ, ಹಸುಗೂಸು, ವಯಸ್ಸಾದ ಅಪ್ಪ ಅಮ್ಮ ಇದ್ದರೆ ಅದು ಆರೋಗ್ಯದ ಪ್ರಶ್ನೆ. ಹಾಗಾಗಿ ಜನ ಸಾಲ ಮಾಡಿಯಾದರೂ ಇನ್ವರ್ಟರ್, ಬ್ಯಾಟರಿ, ಸೋಲಾರ್ ಅಂತ ಅಂಗಡಿಗೆ ಹೋಗ್ತಾರೆ. ಅಂಗಡಿಯವರು ಕೇಳೋ ಮೊದಲ ಪ್ರಶ್ನೆ, "ಎಷ್ಟು ಎಎಚ್ ಬೇಕ್ರಿ?" ನಾನು ಹೇಳ್ತೀನಿ, ಆ ಪ್ರಶ್ನೆಗೆ ಉತ್ತರ ಕೊಡಬೇಡಿ. ಮೊದಲು ಮನೆಯಲ್ಲಿ ಕೂತು ಲೆಕ್ಕ ಹಾಕಿ.

ಮಾನ್ವಿಯ ಒಂದು ಮನೆ ಅಂದ್ಕೊಳ್ಳಿ. ಎರಡು ಹಳೇ ಫ್ಯಾನ್, ತಲಾ 75 ವಾಟ್. ನಾಲ್ಕು ಎಲ್‌ಇಡಿ ಬಲ್ಬ್ ಸೇರಿ 40 ವಾಟ್. ವೈಫೈ ಡಬ್ಬಿ 10. ಒಟ್ಟು 200 ವಾಟ್. ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತೆ, ಹಾಗಾಗಿ ಬ್ಯಾಟರಿಯಿಂದ ಹೊರಡೋದು ಸುಮಾರು 250 ವಾಟ್. ಈಗ 12 ವೋಲ್ಟ್, 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ ತಗೊಳ್ಳಿ. ಗುಣಿಸಿದರೆ 1,800 ವಾಟ್ ಅವರ್, ಅಂದರೆ ಒಂದೂ ಮುಕ್ಕಾಲು ಯೂನಿಟ್ ಚಿಲ್ಲರೆ. ಆದರೆ ಸೀಸ ಮತ್ತು ಆಸಿಡ್‌ನ ಈ ಬ್ಯಾಟರಿಯನ್ನ ದಿನಾ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯಸ್ಸೇ ಕರಗುತ್ತೆ. ಬಳಸಬಹುದಾದ್ದು 900. ಮೂರೂವರೆ ಗಂಟೆಗೆ ಮುಗೀತು.

ಈಗ ಬ್ಯಾಟರಿ ಮುಟ್ಟಬೇಡಿ, ಫ್ಯಾನ್ ಬದಲಿಸಿ. ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್ ತಗೊಳ್ಳುತ್ತೆ. ಮನೆಯ ಲೋಡ್ 200ರಿಂದ 110ಕ್ಕೆ ಇಳೀತು. ಅದೇ ಬ್ಯಾಟರಿ ಈಗ ಆರೂವರೆ ಗಂಟೆ ನಡೆಯುತ್ತೆ! ಇನ್ನೊಂದು ಬ್ಯಾಟರಿ ಕೊಳ್ಳೋ ದುಡ್ಡು ಉಳೀತು. ಅದೇ ಹಳೇ ಫ್ಯಾನ್‌ಗಳ ಜತೆ 180 ವಾಟ್‌ನ ಕೂಲರ್ ಹಚ್ಚಿದ್ರೋ, ಎರಡು ಗಂಟೆಯೂ ಬಾಳಲ್ಲ. ಎಸಿ, ಬೋರ್‌ವೆಲ್ ಮೋಟಾರ್ ಮಾತಂತೂ ಬೇಡ. ಅವನ್ನ ಈ ಗಾತ್ರದ ಇನ್ವರ್ಟರ್ ಲೈನ್‌ಗೆ ಸೇರಿಸಲೇಬೇಡಿ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಇನ್ನು ಲಿಥಿಯಂ. ಬೆಲೆ ಹೆಚ್ಚು, ನಿಜ. ಆದರೆ 12.8 ವೋಲ್ಟ್, 100 ಎಎಚ್‌ನ ಲಿಥಿಯಂ ಬ್ಯಾಟರಿಯಲ್ಲಿ 1,280 ವಾಟ್ ಅವರ್ ಇರುತ್ತೆ, ಅದರಲ್ಲಿ ಶೇಕಡಾ 80ರಿಂದ 90 ಭಾಗ ಧೈರ್ಯವಾಗಿ ಬಳಸಬಹುದು. ಅಂದರೆ 100 ಎಎಚ್ ಲಿಥಿಯಂ, 150 ಎಎಚ್ ಟ್ಯೂಬುಲರ್‌ಗಿಂತ ಕಡಿಮೆ ಏನಲ್ಲ. ನೀರು ಹಾಕೋ ತಾಪತ್ರಯ ಇಲ್ಲ, ಬೇಗ ಚಾರ್ಜ್ ಆಗುತ್ತೆ, ದಿನಾ ಬಳಸಿದರೂ ಹೆಚ್ಚು ವರ್ಷ ಬಾಳುತ್ತೆ. ಮನೆಗೆ ಕೇಳಬೇಕಾದ ಜಾತಿ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಲಿಥಿಯಂನಲ್ಲಿ ಬಿಸಿಗೆ ಬೇಗ ಬೆಂಕಿ ಹತ್ತದ ಬಗೆ ಅದು. ಒಂದು ಎಚ್ಚರಿಕೆ, ಹಳೇ ಇನ್ವರ್ಟರ್‌ಗೆ ಹಾಗೇ ಜೋಡಿಸಬೇಡಿ. ಅದರಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯಾ ಅಂತ ನೋಡಿ. ಕರೆಂಟ್ ಹೋಗೋದು ವಾರಕ್ಕೊಮ್ಮೆ ಮಾತ್ರ ಆದರೆ ಟ್ಯೂಬುಲರ್ ಸಾಕು. ದಿನಾ ಸೋಲಾರ್‌ನಿಂದ ತುಂಬಿ ರಾತ್ರಿ ಖಾಲಿ ಮಾಡೋದಾದರೆ ಲಿಥಿಯಂ ಲೇಸು.

ರಾಯಚೂರಿನವರಿಗೆ ಇನ್ನೊಂದು ಶತ್ರು ಇದೆ, ಬಿಸಿಲು. ಸೀಸದ ಬ್ಯಾಟರಿ ಸದಾ ಇರೋ ಜಾಗದ ಉಷ್ಣಾಂಶ 10 ಡಿಗ್ರಿ ಏರಿದಷ್ಟೂ ಅದರ ಆಯಸ್ಸು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತೆ. ಮಾಳಿಗೆ ಮೇಲಿನ ತಗಡಿನ ಶೆಡ್‌ನಲ್ಲಿ ಇಟ್ಟರೆ ಅದನ್ನ ಹುರಿದಂಗೆ. ಕೆಳಮನೆಯಲ್ಲಿ, ಬಿಸಿಲು ಬೀಳದ, ಗಾಳಿ ಆಡೋ ಜಾಗದಲ್ಲಿಡಿ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಡುತ್ತೆ, ಒಲೆ ಹತ್ತಿರ, ದೇವರ ದೀಪದ ಹತ್ತಿರ ಬೇಡವೇ ಬೇಡ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೋರ್ ನೀರು ಹಾಕಬೇಡಿ. ಲಿಥಿಯಂ ಕೊಳ್ಳೋರು, ಎಷ್ಟು ಡಿಗ್ರಿವರೆಗೆ ಚಾರ್ಜ್ ಆಗುತ್ತೆ ಅಂತ ಕಂಪನಿಯ ಕಾಗದದಲ್ಲೇ ತೋರಿಸೋಕೆ ಹೇಳಿ.

ಈಗ ಸೋಲಾರ್. ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. 2 ಕಿಲೋವಾಟ್‌ವರೆಗೆ ಕಿಲೋವಾಟ್‌ಗೆ 30,000 ರೂಪಾಯಿ, 3 ಕಿಲೋವಾಟ್ ಅಥವಾ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ಈ ಲೆಕ್ಕ ಸೋಲಾರ್ ಪ್ಯಾನಲ್‌ದು, ಬ್ಯಾಟರಿದಲ್ಲ. ಹೆಚ್ಚಿನವರು ಬೇಸ್ತು ಬೀಳೋದು ಇಲ್ಲೇ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನ್‌ನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತೆ. ನೆತ್ತಿ ಮೇಲೆ ಸೂರ್ಯ ಸುಡುತ್ತಿದ್ದರೂ ಫ್ಯಾನ್ ತಿರುಗಲ್ಲ! ಅದು ದೋಷ ಅಲ್ಲ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೀಬಾರದು ಅಂತ ಮಾಡಿರೋ ವ್ಯವಸ್ಥೆ. ಕರೆಂಟ್ ಹೋದಾಗಲೂ ಬೆಳಕು ಬೇಕಂದ್ರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಎರಡೂ ಬೇಕು. ಸಹಿ ಹಾಕೋ ಮೊದಲೇ ಕೇಳಿ, ಆಮೇಲೆ ಬದಲಿಸೋದು ದುಬಾರಿ.

ಇನ್ನು ಗೃಹಜ್ಯೋತಿ. ನಿಮ್ಮ ಬಿಲ್ ಈಗಾಗಲೇ ಸೊನ್ನೆ ಬರ್ತಿದ್ದರೆ, ಸೋಲಾರ್‌ನಿಂದ ಉಳಿಯೋ ಬಿಲ್ ಎಲ್ಲಿದೆ? "ನಾಲ್ಕೇ ವರ್ಷದಲ್ಲಿ ದುಡ್ಡು ವಾಪಸ್" ಅನ್ನೋ ಲೆಕ್ಕ ನಿಮಗಲ್ಲ. ನಿಮಗೆ ಬೇಕಾದದ್ದು ರಾತ್ರಿಗೆ ಗಾಳಿ, ಅಷ್ಟೇ. ಚಿಕ್ಕ ಇನ್ವರ್ಟರ್, ಒಳ್ಳೇ ಫ್ಯಾನ್ ಸಾಕು. ಆದರೆ ಬ್ಯಾಟರಿ ಚಾರ್ಜ್ ಆಗೋದೂ ಮೀಟರ್‌ನಲ್ಲಿ ಓಡುತ್ತೆ. 200 ಯೂನಿಟ್ ಅಂಚಿನಲ್ಲಿ ಇರೋರು ಹುಷಾರು, ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಅಂಗಡಿಯಲ್ಲಿ ನೀವು ಕೇಳಬೇಕಾದದ್ದು ಮೂರು. ನನ್ನ ಲೋಡ್‌ಗೆ ನಿಜವಾಗಿ ಎಷ್ಟು ಗಂಟೆ ಬರುತ್ತೆ, ಬರೆದು ಕೊಡ್ತೀರಾ? ವಾರಂಟಿಯಲ್ಲಿ ಎಷ್ಟು ತಿಂಗಳು ಪುಕ್ಕಟೆ ಬದಲಿ, ಎಷ್ಟು ತಿಂಗಳು ಬರೀ ರಿಯಾಯಿತಿ? ಬ್ಯಾಟರಿ ತಯಾರಾದ ತಿಂಗಳು ಯಾವುದು? ಉತ್ತರ ಕೊಡೋಕೆ ತಡವರಿಸಿದರೆ ಪಕ್ಕದ ಅಂಗಡಿ ಇದ್ದೇ ಇದೆ. ಕರೆಂಟ್ ಕೊಡೋದು ಜೆಸ್ಕಾಂ ಜವಾಬ್ದಾರಿ, ಅದನ್ನ ಕೇಳೋದು ಬಿಡಬೇಡಿ. ಆದರೆ ದುಡ್ಡು ನಿಮ್ಮದು, ಲೆಕ್ಕವೂ ನಿಮ್ಮದೇ ಆಗಿರಲಿ.