ಒಂದಗುಳು ಸಾಲದ ಗಡ್ಡೆ

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ಮೂಳೆ ಕ್ಯಾನ್ಸರಿಗೆ ಈ ಲೆಕ್ಕ ನಡೆಯದು. ಒಂದೇ ಗಡ್ಡೆಯೊಳಗೆ ಒಂದೆಡೆ ಮೂಳೆ, ಇನ್ನೊಂದೆಡೆ ಮೃದ್ವಸ್ಥಿ, ತೀರಾ ಅಪರೂಪಕ್ಕೆ ಮಾಂಸಖಂಡದ ಕೋಶಗಳೂ ಇರುತ್ತವೆ. ಪರೀಕ್ಷೆಗೆ ಚೂರು ತೆಗೆಯಲು (ಬಯಾಪ್ಸಿ) ಸೂಜಿ ಚುಚ್ಚಿದ ಜಾಗದಲ್ಲಿ ಏನಿತ್ತೋ ವರದಿಯಲ್ಲಿ ಅದೇ ಬರುತ್ತದೆ.

ಮೂಳೆ, ಮೃದ್ವಸ್ಥಿ, ಮಾಂಸಖಂಡಗಳೆಲ್ಲ ಭ್ರೂಣದಲ್ಲಿ ಹುಟ್ಟುವುದು ಬಹುಮಟ್ಟಿಗೆ ಒಂದೇ ಪದರದಿಂದ. ಸಾಕ್ಸ್9 ಜೀನು ಎಚ್ಚೆತ್ತರೆ ಕೋಶ ಮೃದ್ವಸ್ಥಿಯ ದಾರಿ ಹಿಡಿಯುತ್ತದೆ, ರಂಕ್ಸ್2 ಎಚ್ಚೆತ್ತರೆ ಮೂಳೆಯ ದಾರಿ. ಕ್ಯಾನ್ಸರಿನಲ್ಲಿ ಈ ಶಿಸ್ತೇ ಕೆಡುತ್ತದೆ.

ಹದಿಹರೆಯದವರ ಮಂಡಿಯ ಆಸುಪಾಸಿನಲ್ಲಿ ಹೆಚ್ಚಾಗಿ ಕಾಣುವ ಆಸ್ಟಿಯೋಸಾರ್ಕೋಮಾವನ್ನೇ ನೋಡಿ. ಅದರ ಗುರುತು, ಕ್ಯಾನ್ಸರ್ ಕೋಶಗಳೇ ಹೆಣೆದ ಎಳೆಮೂಳೆ. ಆದರೆ ಒಂದು ಬಗೆಯಲ್ಲಿ ಬಹುಪಾಲು ಮೃದ್ವಸ್ಥಿಯೇ ತುಂಬಿರುತ್ತದೆ. ಬಯಾಪ್ಸಿಯಲ್ಲಿ ಅದಷ್ಟೇ ಸಿಕ್ಕರೆ ಕಾಂಡ್ರೋಸಾರ್ಕೋಮಾ (ಮೃದ್ವಸ್ಥಿಯ ಕ್ಯಾನ್ಸರ್) ಎಂದು ಬರೆದುಬಿಡುವ ಅಪಾಯವಿದೆ. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ: ಮೊದಲನೆಯದಕ್ಕೆ ಶಸ್ತ್ರಕ್ರಿಯೆಗೂ ಮುಂಚೆ ಕೀಮೋ ಕೊಡುವುದು ರೂಢಿ, ಸಾಮಾನ್ಯ ಕಾಂಡ್ರೋಸಾರ್ಕೋಮಾ ಕೀಮೋಗೆ ಅಷ್ಟಾಗಿ ಜಗ್ಗುವುದಿಲ್ಲ. ಜೀನು ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ಸುಮಾರು ಅರ್ಧದಷ್ಟು ಕಾಂಡ್ರೋಸಾರ್ಕೋಮಾಗಳಲ್ಲಿ ಐಡಿಎಚ್ ಜೀನು ಬದಲಾಗಿರುತ್ತದೆ, ಆಸ್ಟಿಯೋಸಾರ್ಕೋಮಾದಲ್ಲಿ ಹಾಗಾಗುವುದು ಅಪರೂಪ. ಆದರೆ ಮೂಳೆಯ ಚೂರನ್ನು ಮೆದುವಾಗಿಸಲು ಬಲವಾದ ಆಮ್ಲದಲ್ಲಿ ಅದ್ದಿಟ್ಟರೆ ಡಿಎನ್‌ಎ ಹಾಳಾಗಿ ಆ ಪರೀಕ್ಷೆಯೂ ಕೈಕೊಡುತ್ತದೆ.

ವಯಸ್ಸಾದವರಲ್ಲಿ ಇನ್ನೂ ಕಪಟಿಯಾದ ಗಡ್ಡೆಯೊಂದಿದೆ. 1971ರಲ್ಲಿ ಡಾಲಿನ್ ಮತ್ತು ಬೀಬೌಟ್ ಎಂಬ ವೈದ್ಯರು ಅದನ್ನು ವಿವರಿಸಿದರು. ನಿಧಾನವಾಗಿ ಬೆಳೆಯುವ ಮೃದ್ವಸ್ಥಿ ಗಡ್ಡೆಗೆ ತಾಗಿಕೊಂಡೇ ಉಗ್ರ ಸಾರ್ಕೋಮಾ ಇರುತ್ತದೆ. ಸೂಜಿ ಸಾಧು ಭಾಗವನ್ನಷ್ಟೇ ಮುಟ್ಟಿ ಬಂದರೆ ರೋಗಿಗೆ ಸಿಗುವುದು ಹುಸಿ ಸಮಾಧಾನ. ಆದ್ದರಿಂದ ಎಕ್ಸ್‌ರೇ, ಎಂಆರ್‌ಐ ನೋಡದೆ ಬರೀ ಸ್ಲೈಡು ನೋಡಿ ತೀರ್ಪು ಕೊಡುವುದು ಸರಿಯಲ್ಲ.

ನಮ್ಮ ಶಿವಮೊಗ್ಗದ ಕಡೆ ಮೂಳೆರೋಗ ಎಂದೊಡನೆ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ನೆನಪಾಗುತ್ತದೆ. ಅದು ಕೀಲುಗಳನ್ನು ಕೆಡಿಸುವ ಬೇರೆಯೇ ಕಾಯಿಲೆ, ಕ್ಯಾನ್ಸರ್ ಅಲ್ಲ. ಮೂಳೆ ಕ್ಯಾನ್ಸರ್ ತೀರಾ ವಿರಳ. ಹೀಗಾಗಿಯೇ ಹುಡುಗನ ಮಂಡಿನೋವನ್ನು ಉಳುಕೆಂದು ನೀವಿಸಿ ತಿಂಗಳು ಕಳೆಯುವುದುಂಟು. ರಾತ್ರಿಯೂ ಬಿಡದ ನೋವು, ದಿನೇದಿನೇ ಹೆಚ್ಚುವ ಊತ ಕಂಡರೆ ಶಿಕಾರಿಪುರ, ಸೊರಬದ ಆಸ್ಪತ್ರೆಯಲ್ಲೇ ಮೊದಲು ಎಕ್ಸ್‌ರೇ ತೆಗೆಸಿ. ಗಡ್ಡೆಯ ಅನುಮಾನವಿದ್ದರೆ ಬಯಾಪ್ಸಿಯನ್ನು ಮುಂದೆ ಶಸ್ತ್ರಕ್ರಿಯೆ ಆಗುವ ಕಡೆಯೇ ಮಾಡಿಸುವುದು ಒಳ್ಳೆಯದು, ಏಕೆಂದರೆ ಸೂಜಿ ಹೋದ ಜಾಡನ್ನೂ ಗಡ್ಡೆಯ ಜೊತೆಗೇ ತೆಗೆಯಬೇಕಾಗಬಹುದು. ಈಗಾಗಲೇ ಬೇರೆಡೆ ಬಯಾಪ್ಸಿ ಆಗಿದ್ದರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೊರಡುವಾಗ ವರದಿಯ ಕಾಗದವೊಂದನ್ನೇ ಒಯ್ಯಬೇಡಿ. ಸ್ಲೈಡು, ಗಡ್ಡೆಯ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕು, ಎಕ್ಸ್‌ರೇ ಮೂರನ್ನೂ ಕೇಳಿ ಪಡೆದುಕೊಂಡು ಹೋಗಿ.