ಅರ್ಧಕ್ಕೆ ನಿಲ್ಲುವ ಹಾಡು

ಡಿಜಿಟಲ್ ಹಾಡು ಅರ್ಧಕ್ಕೆ ನಿಂತರೆ ದೋಷ ಮೂರು ಕಡೆ ಇರಬಹುದು: ಹಾಡಿನ ಫೈಲಿನಲ್ಲಿ, ಅದನ್ನಿಟ್ಟ ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡಿನಲ್ಲಿ, ಇಲ್ಲವೇ ನುಡಿಸುವ ಆ್ಯಪ್ ಅಥವಾ ಸಾಧನದಲ್ಲಿ. ಹಾಡು ನಿಂತ ನಿಮಿಷ, ಸೆಕೆಂಡನ್ನು ಬರೆದಿಟ್ಟುಕೊಂಡು ಎರಡು ಮೂರು ಸಲ ಕೇಳಿದರೆ ಮೊದಲ ಸುಳಿವು ಸಿಗುತ್ತದೆ. ಪ್ರತಿ ಸಲವೂ ಅಲ್ಲೇ ನಿಂತರೆ ಫೈಲನ್ನೋ ಪೆನ್‌ಡ್ರೈವನ್ನೋ ಶಂಕಿಸಬೇಕು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಆ್ಯಪ್, ಫೋನ್ ಅಥವಾ ಸಡಿಲವಾದ ಪಿನ್ ಕಡೆ ನೋಡಬೇಕು.

ಎಂಪಿ3 ಫೈಲೆಂದರೆ ಫ್ರೇಮ್ ಎಂಬ ಸಣ್ಣ ತುಣುಕುಗಳ ಸಾಲು. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಸಾಮಾನ್ಯ ಫೈಲಿನಲ್ಲಿ ಒಂದು ಫ್ರೇಮಿಗೆ 1,152 ಸ್ಯಾಂಪಲ್. ಅಂದರೆ ಸುಮಾರು 26 ಮಿಲಿಸೆಕೆಂಡಿನ ಧ್ವನಿ. ಪ್ರತಿ ಫ್ರೇಮಿನ ಮೊದಲಿಗೆ ಅದರ ಆರಂಭದ ಗುರುತಿರುತ್ತದೆ. ಒಂದೆರಡು ಫ್ರೇಮ್ ಕೆಟ್ಟಿದ್ದರೆ ಪ್ಲೇಯರ್ ಮುಂದಿನ ಗುರುತು ಹುಡುಕಿಕೊಂಡು ಸಾಗುತ್ತದೆ. ಕೇಳುವವರಿಗೆ ಬರೀ ‘ಟಕ್’ ಎಂದೀತು. ಕೆಲವು ಪ್ಲೇಯರ್‌ಗಳು ಹಾಗೆ ಹುಡುಕದೆ ಅಲ್ಲೇ ನಿಲ್ಲುತ್ತವೆ. ಕಾರಿನಲ್ಲಿ ನಿಂತ ಹಾಡು ಕಂಪ್ಯೂಟರಿನಲ್ಲಿ ಮುಂದುವರಿಯಲು ಇದೂ ಒಂದು ಕಾರಣ.

ಡೌನ್‌ಲೋಡ್ ಪೂರ್ತಿಯಾಗದಿದ್ದರೆ ಫೈಲಿನ ಗಾತ್ರವೇ ಹೇಳುತ್ತದೆ. 128 ಕಿಲೋಬಿಟ್ ದರದ ಹಾಡಿಗೆ ಸೆಕೆಂಡಿಗೆ 16,000 ಬೈಟ್ ಬೇಕು. ಐದು ನಿಮಿಷಕ್ಕೆ ಸುಮಾರು 4.8 ಎಂಬಿ. ಇರುವುದು ಮೂರೇ ಎಂಬಿಯಾದರೆ ಉಳಿದ ಹಾಡು ಬಂದೇ ಇಲ್ಲ. ಬಿಟ್ ದರ ಏರಿಳಿಯುವ ಫೈಲುಗಳಿಗೆ ಈ ಲೆಕ್ಕ ಹೊಂದದು. ಅಂಥವುಗಳಲ್ಲಿ ಒಮ್ಮೊಮ್ಮೆ ಅವಧಿಯೇ ತಪ್ಪಾಗಿ ಕಾಣುವುದರಿಂದ, ಪೂರ್ತಿ ಮುಗಿದ ಹಾಡೂ ನಡುವೆ ನಿಂತಂತೆ ತೋರುತ್ತದೆ. ಫ್ಲ್ಯಾಕ್ ಎಂಬ ಬಗೆಯ ಫೈಲಿನಲ್ಲಿ ಸಾಮಾನ್ಯವಾಗಿ ಮೂಲ ಧ್ವನಿಯಿಂದ ಲೆಕ್ಕಹಾಕಿದ ಎಂಡಿ5 ಎಂಬ ತಾಳೆಸಂಖ್ಯೆ ಬರೆದಿರುತ್ತದೆ; ಅದರೊಂದಿಗೆ ತಾಳೆ ನೋಡಿದರೆ ಫೈಲ್ ಕೆಟ್ಟಿದೆಯೇ ಎಂದು ತಿಳಿಯುತ್ತದೆ.

ಬರೆಯುವುದು ಮುಗಿಯುವ ಮೊದಲೇ ಪೆನ್‌ಡ್ರೈವ್ ಕಿತ್ತರೂ ಫೈಲ್ ಅರೆಬರೆಯಾಗುತ್ತದೆ. ಕಂಪ್ಯೂಟರಿಗೆ ಕಾಪಿ ಮಾಡುವಾಗ ‘ಎರರ್’ ಬಂದರೆ ಪೆನ್‌ಡ್ರೈವೇ ಹಾಳಾಗುತ್ತಿರಬಹುದು. ಆಗ ರಿಪೇರಿಗೆ ಕೈಹಾಕುವ ಮೊದಲು ಓದಲು ಬರುವ ಫೈಲುಗಳನ್ನೆಲ್ಲ ಬೇರೆಡೆ ಉಳಿಸಿಕೊಳ್ಳಬೇಕು. ಕಾಪಿಯಾದ ಫೈಲ್ ಕಂಪ್ಯೂಟರಿನಲ್ಲಿ ಸರಾಗವಾಗಿ ನುಡಿದರೆ ಫೈಲಿನಲ್ಲಿ ದೋಷವಿಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಫೋನಿನ ಪರದೆ ಆರಿದ ಮೇಲೆ ಮಾತ್ರ ಹಾಡು ನಿಲ್ಲುತ್ತಿದ್ದರೆ, ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ನಿಲ್ಲಿಸುತ್ತಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ವಿನಾಯಿತಿ ಕೊಟ್ಟು ನೋಡಬೇಕು.

ಎಫ್ಎಫ್ಎಂಪೆಗ್‌ನಂಥ ತಂತ್ರಾಂಶ ಕೆಟ್ಟ ಫ್ರೇಮ್‌ಗಳನ್ನು ಬಿಟ್ಟು ಹೊಸ ಫೈಲ್ ಮಾಡಿಕೊಡಬಲ್ಲದು. ಕಳೆದುಹೋದ ಧ್ವನಿಯನ್ನು ಮರಳಿ ತರಲಾರದು. ಅದಕ್ಕೆ ಮತ್ತೆ ಡೌನ್‌ಲೋಡ್ ಮಾಡಬೇಕು, ಇಲ್ಲವೇ ಮೂಲ ಸಿ.ಡಿ.ಯಿಂದ ಮತ್ತೊಮ್ಮೆ ತೆಗೆಯಬೇಕು. ಮನೆಯ ಹಿರಿಯರ ಹಾಡು, ಊರ ಯಕ್ಷಗಾನದ ರೆಕಾರ್ಡಿಂಗ್‌ಗಳು ಮತ್ತೆಲ್ಲೂ ಸಿಗುವುದಿಲ್ಲ. ಅವುಗಳ ಎರಡು ಪ್ರತಿಗಳನ್ನು ಎರಡು ಕಡೆ ಇಟ್ಟು, ಆಗಾಗ ಕೊನೆಯವರೆಗೂ ಕೇಳಿ ನೋಡಬೇಕು.